ಗೇಟಿನ ಮುಂದೆ ಕಟ್ಟಿಹೋದ ನಾಯಿ

ಗಿಂಡಿಯಿಂದ ವೇಳಚ್ಚೇರಿಗೆ ಹೋಗುವ ರಸ್ತೆಯಲ್ಲಿ ನಿಮ್ಮಲ್ಲಿ ಎಷ್ಟೋ ಜನ ದಿನವೂ ಓಡಾಡುತ್ತೀರಿ. ಆ ದಾರಿಯಲ್ಲೇ ಬ್ಲೂ ಕ್ರಾಸ್ ಸಂಸ್ಥೆಯ ಪ್ರಾಣಿ ಆಶ್ರಯಧಾಮವಿದೆ. ಅದಕ್ಕೂ ನಮ್ಮ ಕನ್ನಡ ನಾಡಿಗೂ ಒಂದು ನಂಟಿದೆ ಎಂಬುದು ಬಹಳ ಮಂದಿಗೆ ತಿಳಿದಿಲ್ಲ.

ಸಂಸ್ಥೆಯನ್ನು ಹುಟ್ಟುಹಾಕಿದ ಕ್ಯಾಪ್ಟನ್ ವಿ. ಸುಂದರಂ ಮೈಸೂರು ಮಹಾರಾಜರ ವಿಮಾನ ನಡೆಸಿದವರು; ಬೆಂಗಳೂರಿನ ಜಕ್ಕೂರಿನಲ್ಲಿರುವ ಸರ್ಕಾರಿ ವಿಮಾನ ತರಬೇತಿ ಶಾಲೆಯ ಮುಖ್ಯಸ್ಥರಾಗಿದ್ದವರು. ಅವರ ಪತ್ನಿ ಉಷಾ ಸುಂದರಂ ಅದೇ ಶಾಲೆಯಲ್ಲಿ ಕಲಿತು ವಿಮಾನ ಚಾಲಕಿಯಾದರು. 1959ರ ಮಳೆಗಾಲದಲ್ಲಿ ಮದರಾಸಿನ ಬೀದಿಯ ನೀರಿನಲ್ಲಿ ಒದ್ದಾಡುತ್ತಿದ್ದ ಎರಡು ನಾಯಿಮರಿಗಳನ್ನು ಸುಂದರಂ ಮನೆಗೆ ಎತ್ತಿತಂದರು. ಶುರುವಾದದ್ದು ಅಲ್ಲಿಂದ. 1964ರಲ್ಲಿ ಸಂಸ್ಥೆ ನೋಂದಣಿಯಾಯಿತು.

ಇದೇ ಊರಿನ ರುಕ್ಮಿಣಿದೇವಿ ಅರುಂಡೇಲ್ ರಾಜ್ಯಸಭೆಯಲ್ಲಿ ಪ್ರಾಣಿಹಿಂಸೆಯ ವಿರುದ್ಧ ಮಸೂದೆ ತಂದವರು. ಆ ಪ್ರಯತ್ನದ ಫಲವಾಗಿ 1960ರಲ್ಲಿ ಕಾಯ್ದೆ ಬಂತು. 1962ರಲ್ಲಿ ಸ್ಥಾಪನೆಯಾದ ಪ್ರಾಣಿ ಕಲ್ಯಾಣ ಮಂಡಳಿಗೆ ಅವರೇ ಮೊದಲ ಅಧ್ಯಕ್ಷೆ.

ಇಷ್ಟೆಲ್ಲ ಇದ್ದೂ ಇಂದು ಯಾವ ಆಶ್ರಯಧಾಮದವರನ್ನು ಕೇಳಿದರೂ ಹೇಳುವ ಕಷ್ಟ ಒಂದೇ. ಬೆಳಿಗ್ಗೆ ಗೇಟು ತೆಗೆದರೆ ಕಂಬಕ್ಕೆ ಕಟ್ಟಿದ ನಾಯಿ, ರಟ್ಟಿನ ಡಬ್ಬಿಯಲ್ಲಿ ಬೆಕ್ಕಿನ ಮರಿಗಳು. ಬಿಟ್ಟುಹೋದವರು ಕೆಟ್ಟವರೇ ಆಗಿರಬೇಕೆಂದಿಲ್ಲ. ಮನೆ ಬದಲಾಯಿತು, ಮಗು ಹುಟ್ಟಿತು, ಮನೆ ಮಾಲೀಕರು ಒಪ್ಪಲಿಲ್ಲ. "ಅಲ್ಲಿ ಚೆನ್ನಾಗಿ ನೋಡಿಕೊಳ್ಳುತ್ತಾರೆ" ಎಂದು ಮನಸ್ಸಿಗೆ ಸಮಾಧಾನ ಹೇಳಿಕೊಂಡು ಹೋಗಿರುತ್ತಾರೆ.

ಆದರೆ ಒಳಗಿನ ಕಥೆ ಬೇರೆ. ನೂರಾರು ಪ್ರಾಣಿಗಳಿರುವ ಕಡೆ ಸೋಂಕು ಬೇಗ ಹರಡುತ್ತದೆ. ಪಾರ್ವೊ, ಡಿಸ್ಟೆಂಪರ್ ಮುಂತಾದ ರೋಗಗಳು ಲಸಿಕೆಯಿಲ್ಲದ ಮರಿಗಳನ್ನು ಕೊಲ್ಲಬಲ್ಲವು. ಹಾಗಾಗಿ ಹೊಸದಾಗಿ ಬಂದ ಪ್ರತಿ ಪ್ರಾಣಿಯನ್ನೂ ಮೊದಲು ಬೇರೆಯಾಗಿ ಇಡಬೇಕು. ಅದಕ್ಕೆ ಜಾಗ ಬೇಕು, ಕೈಗಳು ಬೇಕು. ಹಬ್ಬವಿರಲಿ, ಬಂದ್ ಇರಲಿ, 2015ರ ಡಿಸೆಂಬರಿನಂಥ ಪ್ರವಾಹವಿರಲಿ, ಹೊತ್ತು ಹೊತ್ತಿಗೆ ಅನ್ನ ಬೇಯಿಸಬೇಕು, ಗೂಡು ತೊಳೆಯಬೇಕು, ಗಾಯಕ್ಕೆ ಮದ್ದು ಹಚ್ಚಬೇಕು. ಮನೆಯಲ್ಲಿ ಮಂಚದ ಕೆಳಗೆ ಮಲಗಿ ರೂಢಿಯಾದ ನಾಯಿ ಅಲ್ಲಿಗೆ ಬಂದು ಊಟ ಬಿಟ್ಟು ಕೂತರೆ, ಅದಕ್ಕೆ ಮದ್ದೆಲ್ಲಿಂದ ತರುವುದು?

ಹಾಗಾದರೆ ಇನ್ನಷ್ಟು ಆಶ್ರಯಧಾಮ ಕಟ್ಟಿದರೆ ಸಾಲದೇ? ಸಾಲದು. ನಲ್ಲಿ ತಿರುಗಿಸದೆ ನೆಲ ಒರೆಸಿದರೆ ಏನು ಪ್ರಯೋಜನ? ನಾಯಿ ಗರ್ಭ ಧರಿಸಿ ಮರಿ ಹಾಕಲು ಸುಮಾರು ಒಂಬತ್ತು ವಾರ ಸಾಕು. ಈ ಲೆಕ್ಕ ತಿಳಿದೇ ಚೆನ್ನೈನಲ್ಲಿ 1996ರಲ್ಲಿ ಬೀದಿನಾಯಿಗಳನ್ನು ಕೊಲ್ಲುವ ಬದಲು ಸಂತಾನಹರಣ ಶಸ್ತ್ರಚಿಕಿತ್ಸೆ ಮಾಡಿ, ರೇಬಿಸ್ ಲಸಿಕೆ ಹಾಕಿ, ಹಿಡಿದ ಬೀದಿಯಲ್ಲೇ ಬಿಡುವ ಕೆಲಸ ಆರಂಭವಾಯಿತು. ಕಿವಿಯ ತುದಿ ಕತ್ತರಿಸಿದ ನಾಯಿ ಕಂಡರೆ ಅದಕ್ಕೆ ಚಿಕಿತ್ಸೆಯಾಗಿದೆ ಎಂದರ್ಥ. 2001ರಲ್ಲಿ ಇದಕ್ಕೆ ದೇಶಕ್ಕೆಲ್ಲ ನಿಯಮ ಬಂತು. 2023ರಲ್ಲಿ ಹೊಸ ನಿಯಮಗಳಾದವು.

ನಾಯಿ ಕಡಿತದ ಭಯ ಸುಳ್ಳಲ್ಲ. ಮಗುವನ್ನು ಶಾಲೆಗೆ ಕಳಿಸುವ ತಾಯಿಯ ಆತಂಕವನ್ನು ಪ್ರಾಣಿಪ್ರಿಯರು ಹಗುರವಾಗಿ ಕಾಣಬಾರದು. ಕಚ್ಚಿದ ಜಾಗವನ್ನು ಕೂಡಲೇ ಸೋಪು ಹಚ್ಚಿ ಹರಿಯುವ ನೀರಿನಲ್ಲಿ ಹದಿನೈದು ನಿಮಿಷ ತೊಳೆದು, ತಡಮಾಡದೆ ಆಸ್ಪತ್ರೆಗೆ ಹೋಗಿ ಲಸಿಕೆ ಹಾಕಿಸಿಕೊಳ್ಳಿ. ರೋಗಲಕ್ಷಣ ಕಾಣಿಸಿಕೊಂಡ ಮೇಲೆ ರೇಬಿಸ್‌ಗೆ ಮದ್ದಿಲ್ಲವೆಂದೇ ತಿಳಿಯಿರಿ.

ಇನ್ನು ನಾವು ಮಾಡಬಹುದಾದದ್ದು. ನಾಯಿ ತರುವ ಮುನ್ನ, ಹತ್ತು ಹನ್ನೆರಡು ವರ್ಷ ಇದನ್ನು ಸಾಕಬಲ್ಲೆನೇ ಎಂದು ಯೋಚಿಸಿ. ದುಡ್ಡು ಕೊಟ್ಟು ಜಾತಿನಾಯಿ ತರುವ ಬದಲು ಆಶ್ರಯಧಾಮದಿಂದ ಒಂದು ನಾಟಿ ಮರಿಯನ್ನು ತನ್ನಿ. ಚೆನ್ನೈ ಬಿಸಿಲಿಗೆ ಅದೇ ಹೊಂದುತ್ತದೆ. ಸಾಕಲು ಆಗದವರು ಹಳೆಯ ಬೆಡ್‌ಶೀಟು, ದಿನಪತ್ರಿಕೆ ಕೊಡಿ. ವರ್ಷಕ್ಕೊಮ್ಮೆ ದೊಡ್ಡ ಮೊತ್ತ ಕೊಡುವುದಕ್ಕಿಂತ ತಿಂಗಳು ತಿಂಗಳು ತಪ್ಪದೆ ಕೊಡುವ ಸಣ್ಣ ಮೊತ್ತ ಮೇಲು. ಅಕ್ಕಿಯ ಲೆಕ್ಕ, ಸಂಬಳದ ಲೆಕ್ಕ ನಡೆಯುವುದು ತಿಂಗಳಿಗೇ. ಭಾನುವಾರ ಎರಡು ಗಂಟೆ ಹೋಗಿ ನಾಯಿಗಳನ್ನು ಅಡ್ಡಾಡಿಸಿದರೂ ಅದು ದಾನವೇ.

ಸಾಕಿದ ಪ್ರಾಣಿಯನ್ನು ತಕ್ಕ ಕಾರಣವಿಲ್ಲದೆ ಬಿಟ್ಟುಬಿಡುವುದು 1960ರ ಕಾಯ್ದೆಯ ಪ್ರಕಾರ ಅಪರಾಧ. ಮೊದಲ ಸಲದ ತಪ್ಪಿಗೆ ಅದರಲ್ಲಿ ಬರೆದಿರುವ ದಂಡ 10ರಿಂದ 50 ರೂಪಾಯಿ. ಇಂದು ಆ ದುಡ್ಡಿಗೆ ಹೋಟೆಲಿನಲ್ಲಿ ಒಂದು ಮಸಾಲೆ ದೋಸೆ ಸಿಗುವುದೂ ಕಷ್ಟ. ಆದ್ದರಿಂದ ದಂಡಕ್ಕೆ ಹೆದರಿ ಅಲ್ಲ, ಬಾಗಿಲ ಕಡೆಯೇ ನೋಡುತ್ತ ಕೂತ ಆ ಪ್ರಾಣಿಯನ್ನು ನೆನೆದು ನಾವು ನಡೆದುಕೊಳ್ಳಬೇಕು.