ಬೆಂಕಿಯ ದ್ವೀಪಗಳ ದೈತ್ಯ ಆಮೆಗಳು



ಈ ಸೀಮೆಯ ಶಿವಾಲಯಗಳಲ್ಲಿ ನೆಲಗಟ್ಟಿನ ಮೇಲೆ ಕೆತ್ತಿದ ಆಮೆಗೆ ಕೈಮುಗಿದು ಮುಂದೆ ಸಾಗುವುದು ನಮ್ಮ ರೂಢಿ. ಇಲ್ಲಿಯ ಕರಿಗಲ್ಲಿಗೂ ದೂರದ ಹಿಂದೂ ಮಹಾಸಾಗರದ ದೈತ್ಯ ಆಮೆಗಳಿಗೂ ಒಂದು ನಂಟುಂಟು. ಅದನ್ನು ತಮ್ಮಲ್ಲಿ ಅರಿಕೆ ಮಾಡಿಕೊಳ್ಳಲು ಅಪ್ಪಣೆ ಬೇಡುತ್ತೇನೆ.

ಉಮರಗಾ, ನಿಲಂಗಾ, ಉದಗೀರಗಳಲ್ಲಿ ಬಾವಿ ತೋಡಿಸಿದವರು ಬಲ್ಲರು, ಎರೆಮಣ್ಣಿನ ಕೆಳಗೆ ಹಾರೆಗೆ ಬಗ್ಗದ ಕರಿಬಂಡೆಯಿದೆ. ಸುಮಾರು 6 ಕೋಟಿ 60 ಲಕ್ಷ ವರ್ಷಗಳ ಹಿಂದೆ ಭೂಗರ್ಭದಿಂದ ಉಕ್ಕಿ ಹೆಪ್ಪುಗಟ್ಟಿದ ಲಾವಾರಸವೇ ಅದು. ಅದು ಸವೆದು ಆದುದೇ ನಮ್ಮ ಎರೆಭೂಮಿ. 1993ರ ಕಿಲ್ಲಾರಿ ಭೂಕಂಪವನ್ನು ಕಂಡ ನಮಗೆ ನೆಲವೂ ಚಲಿಸುವುದೆಂದು ಯಾರೂ ಹೇಳಬೇಕಾಗಿಲ್ಲ. ಈ ಭೂಖಂಡವು ಉತ್ತರಕ್ಕೆ ಸರಿದು ಬಂದಿತು. ಆಳದ ಆ ಕುಲುಮೆಯು ಹಿಂದೆಯೇ ಉಳಿದು, ಬಹುಕಾಲದ ಮೇಲೆ ಕಡಲ ನಡುವೆ ಮಾರಿಷಸ್ ಮತ್ತು ರಿಯೂನಿಯನ್ ದ್ವೀಪಗಳನ್ನು ಹುಟ್ಟಿಸಿತೆಂಬುದು ಭೂವಿಜ್ಞಾನಿಗಳ ಮತ. ರಿಯೂನಿಯನ್ನಿನ ಅಗ್ನಿಪರ್ವತವು ಇಂದಿಗೂ ಆಗಾಗ ಬೆಂಕಿಯುಗುಳುತ್ತದೆ.

ಆ ಎರಡು ದ್ವೀಪಗಳಲ್ಲಿಯೂ ಅವುಗಳ ಪೂರ್ವಕ್ಕಿರುವ ರಾಡ್ರಿಗ್ಸ್ ದ್ವೀಪದಲ್ಲಿಯೂ ಹಿಂದೆ ಐದು ಬಗೆಯ ದೈತ್ಯ ಆಮೆಗಳಿದ್ದುವು. ಕೊಲ್ಲುವ ಮೃಗವಿಲ್ಲದ ನಾಡಾದುದರಿಂದ ಅವುಗಳ ಚಿಪ್ಪು ತೆಳುವಾಗಿತ್ತು. 1691ರಲ್ಲಿ ರಾಡ್ರಿಗ್ಸ್‌ಗೆ ಬಂದ ಫ್ರಾನ್ಸ್ವಾ ಲೆಗಾ ಎಂಬ ಫ್ರೆಂಚನು, ನೆಲಕ್ಕೆ ಕಾಲಿಡದೆ ಆಮೆಗಳ ಬೆನ್ನ ಮೇಲೆಯೇ ನೂರು ಹೆಜ್ಜೆಗೂ ಮಿಗಿಲಾಗಿ ನಡೆಯಬಹುದಾಗಿತ್ತೆಂದು ಬರೆದಿಟ್ಟಿದ್ದಾನೆ. ಆಹಾರ ನೀರುಗಳಿಲ್ಲದೆ ತಿಂಗಳುಗಟ್ಟಲೆ ಬದುಕುವ ಶಕ್ತಿಯೇ ಅವಕ್ಕೆ ಮೃತ್ಯುವಾಯಿತು. ಪಯಣದಲ್ಲಿ ಕೆಡದ ಮಾಂಸವೆಂದು ನಾವಿಕರು ಅವುಗಳನ್ನು ಜೀವಸಹಿತ ಹಡಗುಗಳಲ್ಲಿ ಸಾವಿರಗಟ್ಟಲೆ ತುಂಬಿದರು. ಅವರೊಡನೆ ಬಂದ ಹಂದಿ ಇಲಿಗಳು ಮೊಟ್ಟೆ ಮರಿಗಳನ್ನು ತಿಂದುವು. ಹತ್ತೊಂಬತ್ತನೆಯ ಶತಮಾನದ ನಡುವಿನ ಹೊತ್ತಿಗೆ ಐದು ಬಗೆಗಳೂ ಅಳಿದುವು. ಪಂಚತಂತ್ರದ ಆಮೆ ಮಾತಾಡಿ ಕೆಟ್ಟಿತು. ಇವುಗಳಿಗೆ ಮಾತಾಡುವವರೇ ಇರಲಿಲ್ಲ.

ಆ ಸಾಗರದಲ್ಲಿ ಆಮೇಲೆ ದೈತ್ಯ ಆಮೆಗಳು ಕಾಡಿನ ಬಾಳನ್ನು ಬಾಳುತ್ತ ಉಳಿದುದು ಅಲ್ಡಾಬ್ರಾ ಎಂಬ ಹವಳದ ದ್ವೀಪದಲ್ಲಿ. ಇವು ಬೇರೊಂದು ಜಾತಿಯವು. ಇವೂ ಅಳಿದಾವೆಂಬ ಭಯದಿಂದ 1874ರಲ್ಲಿ ಡಾರ್ವಿನ್ ಮೊದಲಾದ ವಿಜ್ಞಾನಿಗಳು ಮಾರಿಷಸ್ಸಿನ ಗವರ್ನರರಿಗೆ ಮನವಿ ಬರೆದರು. ಇಂದು ಅಲ್ಲಿ ಸುಮಾರು ಒಂದು ಲಕ್ಷ ಆಮೆಗಳಿವೆ.

ಆಮೆ ಹೋದರೆ ಹೋಗುವುದು ಆಮೆ ಮಾತ್ರವಲ್ಲ. ಮಾರಿಷಸ್ಸಿನಲ್ಲಿ ಕರಿಮರವೊಂದುಂಟು, ನಮ್ಮ ಬೀಡಿ ಎಲೆಯ ತೂಬರೆಯ ಕುಲದ್ದೇ. ಅದರ ದೊಡ್ಡ ಹಣ್ಣನ್ನು ನುಂಗಿ ಬೀಜವನ್ನು ದೂರ ಒಯ್ಯುವ ಪ್ರಾಣಿಯೇ ಇಲ್ಲವಾಗಿ, ಕಾಯಿಗಳು ತಾಯಿಮರದ ಬುಡದಲ್ಲಿಯೇ ಬಿದ್ದಿರುತ್ತಿದ್ದುವು. 2000ದಲ್ಲಿ ಮಾರಿಷಸ್ಸಿನ ತೀರದ ಎಗ್ರೆಟ್ ಎಂಬ ಕಿರುದ್ವೀಪಕ್ಕೆ ಅಲ್ಡಾಬ್ರಾದ ಆಮೆಗಳನ್ನು ತಂದು ಬಿಟ್ಟರು. 2007ರಲ್ಲಿ ಬೆಂಕಿಯ ಕಲ್ಲಿನದೇ ಆದ ರೌಂಡ್ ದ್ವೀಪಕ್ಕೂ ಒಯ್ದರು. ಎಗ್ರೆಟ್‌ನಲ್ಲಿ ಆಮೆಗಳು ಕರಿಮರದ ಹಣ್ಣನ್ನು ತಿಂದುವು. ಅವುಗಳ ಲದ್ದಿಯೊಳಗಿನ ಬೀಜಗಳು ತಾಯಿಮರದಿಂದ ದೂರದಲ್ಲಿ ಮೊಳೆತು ಸಸಿಗಳಾಗಿವೆ.