ಹಬ್ಬದ ಊರಿಗೆ ಹೋಗುವವರಿಗೆ

ನಮ್ಮ ದೇಶದಲ್ಲಿ ಪ್ರವಾಸ ಹೊರಡುವವರಲ್ಲಿ ಎರಡು ಬಗೆ. ಕಲ್ಲನ್ನು ನೋಡಲು ಹೋಗುವವರು ಕೆಲವರು, ಜನರನ್ನು ನೋಡಲು ಹೋಗುವವರು ಕೆಲವರು. ಕಲ್ಲನ್ನು ನೋಡುವವರಿಗೆ ತೊಂದರೆಯಿಲ್ಲ. ಬೇಲೂರಿನ ಶಿಲಾಬಾಲಿಕೆ ಯಾವ ದಿನ ಹೋದರೂ ಅಲ್ಲೇ ಇರುತ್ತಾಳೆ, ನಿಮ್ಮನ್ನು ಏನನ್ನೂ ಕೇಳುವುದಿಲ್ಲ. ಜನರನ್ನು ನೋಡಬೇಕೆನ್ನುವವರು ಹಬ್ಬದ ದಿನ ಹೋಗಬೇಕು, ಹೋದರೆ ಅವರನ್ನೇ ಜನ ನೋಡುತ್ತಾರೆ, ಕೇಳಿಯೂ ಕೇಳುತ್ತಾರೆ: "ಯಾವೂರಾಯ್ತು? ಯಾರ ಪೈಕಿ?" ಈ ಪ್ರಶ್ನೆಗೆ ಪ್ರಯಾಣಿಕನಾದವನು ಏನು ಉತ್ತರ ಕೊಡಬೇಕೆಂಬುದನ್ನು ನಿಮ್ಮೊಡನೆ ವಿಚಾರ ಮಾಡಬೇಕೆಂದಿದ್ದೇನೆ.

ಇದಕ್ಕಾಗಿ ದೂರದ ನಾಗಾಲ್ಯಾಂಡಿಗೋ ಲಡಾಖಿಗೋ ಹೋಗಬೇಕಾದದ್ದಿಲ್ಲ. ಚಾಮರಾಜನಗರದಿಂದ ಸತ್ಯಮಂಗಲದ ಕಡೆಗೆ ಒಂದು ಹೆದ್ದಾರಿ ಇದೆ. ಅದರಲ್ಲಿ ಒಂದು ದಿನ ಹೊರಟರೆ ಸಾಕು.

ಹೊರಡುವ ಊರಿನಲ್ಲೇ ಒಂದು ಸೊಗಸಾದ ಹಬ್ಬವಿದೆ. ಹಿಂದೆ ಅರಿಕುಠಾರವೆಂದು ಹೆಸರಾಗಿದ್ದ ಈ ಊರಿನಲ್ಲಿ ಮುಮ್ಮಡಿ ಕೃಷ್ಣರಾಜ ಒಡೆಯರು 1826ರಲ್ಲಿ ಚಾಮರಾಜೇಶ್ವರನ ಗುಡಿಯನ್ನು ಕಟ್ಟಿಸಿದರು. ಅದರ ತೇರು ನಡೆಯುವುದು ಆಷಾಢದಲ್ಲಿ. ಹೊಸದಾಗಿ ಮದುವೆಯಾದ ಹೆಣ್ಣು ತವರಿಗೆ ಹೋಗಿ ಗಂಡನಿಂದ ದೂರ ಇರುವ ತಿಂಗಳು ಅದು. ತೇರಿನ ನೆಪದಲ್ಲಿ ಅವಳು ತವರಿನಿಂದ ಬರುತ್ತಾಳೆ, ಅವನು ತನ್ನ ಊರಿನಿಂದ ಬರುತ್ತಾನೆ, ಇಬ್ಬರೂ ಕೂಡಿ ತೇರಿಗೆ ಹಣ್ಣು ಜವನ ಎಸೆಯುತ್ತಾರೆ. ಶಾಸ್ತ್ರವೂ ಉಳಿಯಿತು, ದಂಪತಿಗಳ ಮುಖವೂ ಅರಳಿತು. 2017ರಲ್ಲಿ ತೇರಿಗೆ ಬೆಂಕಿ ಬಿದ್ದು ಕೆಲವು ವರ್ಷ ಈ ಉತ್ಸವ ನಿಂತಿತ್ತು. ಹೊಸ ತೇರು ಬಂದು 2022ರಲ್ಲಿ ಮತ್ತೆ ನಡೆಯಿತು.

ಊರು ಬಿಟ್ಟು ದಕ್ಷಿಣಕ್ಕೆ ಹೊರಟರೆ ಹೊಲಗಳು ಮುಗಿದು ಕಾಡು ಮೊದಲಾಗುವಲ್ಲಿ ಪುಣಜನೂರು ಸಿಕ್ಕುತ್ತದೆ. ನಮ್ಮಲ್ಲಿ ಬಹಳ ಮಂದಿಗೆ ಇದು ತಪಾಸಣೆಯ ಗೇಟಿನ ಹೆಸರು ಮಾತ್ರ. ಲಾರಿಗಳು ನಿಲ್ಲುತ್ತವೆ, ಚಾಲಕರು ತಮಿಳು ಕನ್ನಡ ಬೆರೆಸಿ ಮಾತಾಡುತ್ತ ಟೀ ಕುಡಿಯುತ್ತಾರೆ, ಗೇಟು ತೆರೆದರೆ ಹೊರಡುತ್ತಾರೆ. ಆದರೆ ಸುತ್ತಣ ಕಾಡಿನಲ್ಲಿ ಸೋಲಿಗರ ಪೋಡುಗಳಿವೆ. ಪೋಡು ಎಂದರೆ ಅವರ ಹಾಡಿ. ಪೋಡಿಗೊಬ್ಬ ಯಜಮಾನ, ದೇವರ ಕೆಲಸಕ್ಕೆ ತಮ್ಮಡಿ. ರಾಗಿಯ ಸುಗ್ಗಿ ಮುಗಿದ ಮೇಲೆ ಇವರು ರೊಟ್ಟಿ ಹಬ್ಬ ಮಾಡುತ್ತಾರೆ. ಹೊಸ ರಾಗಿಯ ರೊಟ್ಟಿ ಮೊದಲು ದೇವರಿಗೆ, ಆಮೇಲೆ ಎಲ್ಲರಿಗೂ. ರಾತ್ರಿ ಬೆಂಕಿಯ ಸುತ್ತ ಗಂಡಸರು ಹೆಂಗಸರು ಹೆಜ್ಜೆ ಹಾಕುತ್ತ ಗೊರುಕನ ಹಾಡುಗಳನ್ನು ಹಾಡುತ್ತಾರೆ. ಕಾಡಿನ ಪ್ರಾಣಿ, ಹಕ್ಕಿ, ಹೂವು, ದೇವರು ಎಲ್ಲರೂ ಆ ಹಾಡುಗಳೊಳಗೆ ಬರುತ್ತಾರೆ.

ಸೋಲಿಗರ ಗುಡಿ ಗೋಪುರಗಳು ನಮ್ಮ ಕಣ್ಣಿಗೆ ಬೀಳುವಂಥವಲ್ಲ. ಕಾಡೆಲ್ಲ ಅವರ ಲೆಕ್ಕದಲ್ಲಿ ಯೆಲ್ಲೆಗಳಾಗಿ ಹಂಚಿಹೋಗಿದೆ. ದೇವರು, ಮಾರಮ್ಮ, ವೀರು, ಕಲ್ಲುಗುಡಿ, ಅಬ್ಬಿ, ಹೀಗೆ ಪ್ರತಿ ಯೆಲ್ಲೆಯಲ್ಲೂ ಪೂಜೆಗೆ ನೆಲೆಗಳಿವೆ. 1972ರ ವನ್ಯಜೀವಿ ಕಾಯಿದೆಯ ನಂತರ, 1974ರಲ್ಲಿ ಬಿಳಿಗಿರಿಯ ಕಾಡು ಅಭಯಾರಣ್ಯವಾದಾಗ, ಬೇಟೆಯೂ ಸುಟ್ಟು ಬಿತ್ತುವ ಬೇಸಾಯವೂ ನಿಂತವು. ಎಷ್ಟೋ ಪೋಡುಗಳು ಕಾಡಿನ ಒಳಗಿನಿಂದ ಅಂಚಿಗೆ ಬಂದವು. ಜನ ಹೊರಗೆ ಬಂದರು, ದೇವರುಗಳು ಒಳಗೆ ಉಳಿದರು. ಮುಂದೆ 2006ರ ಅರಣ್ಯ ಹಕ್ಕು ಕಾಯಿದೆಯ ಆಧಾರದ ಮೇಲೆ, ಆ ಕಾಡು ಹುಲಿ ಸಂರಕ್ಷಿತ ಪ್ರದೇಶವಾದ 2011ರಲ್ಲೇ, ಸೋಲಿಗರು ತಮ್ಮ ಸಮುದಾಯದ ಹಕ್ಕುಪತ್ರಗಳನ್ನು ಪಡೆದರು. ರೊಟ್ಟಿ ಹಬ್ಬದ ಬೆಂಕಿಯ ಮುಂದೆ ನಿಂತವರು ಇದನ್ನೂ ತಿಳಿದಿರಬೇಕು. ಆ ಹಾಡು ಬರಿಯ ಮನರಂಜನೆಯಲ್ಲ; ಕಾಡಿನ ಯಾವ ಮೂಲೆಯಲ್ಲಿ ಯಾರಿದ್ದಾರೆ ಎಂಬ ನೆನಪನ್ನು ಮಕ್ಕಳಿಗೆ ಒಪ್ಪಿಸುವ ಕೆಲಸ.

ಈಗ "ಯಾರ ಪೈಕಿ" ಎಂಬ ಪ್ರಶ್ನೆಗೆ ಬರೋಣ. ಈ ಸೀಮೆಯಲ್ಲಿ ಈ ಪ್ರಶ್ನೆಯನ್ನು ದೇವರಿಗೂ ಕೇಳುತ್ತಾರೆ. ಬಿಳಿಗಿರಿಯ ರಂಗನಾಥ ವೈಷ್ಣವ ದೇವರು, ಅರ್ಚಕರು ಬ್ರಾಹ್ಮಣರು. ಆದರೆ ಆತ ಸೋಲಿಗರ ಹುಡುಗಿ ಕುಸುಮಾಲೆಯನ್ನು ಮೆಚ್ಚಿ ಮದುವೆಯಾದನಂತೆ. ಆದ್ದರಿಂದ ಸೋಲಿಗರಿಗೆ ಅವನು ರಂಗಭಾವ. ನಮ್ಮ ನಿಮ್ಮಂಥವರು ಕೈಮುಗಿದು ನಿಲ್ಲುವ ಕಡೆ ಅವರು ಭಾವನೆಂಬ ಸಲಿಗೆಯಿಂದ ಮಾತಾಡಬಲ್ಲರು. ಅದೇ ದೇವರ ಪಾದರಕ್ಷೆಗಳನ್ನು ಮಾಡಿ ತಂದೊಪ್ಪಿಸುವವರು ಬೂದಿತಿಟ್ಟಿನ ಚಮ್ಮಾರರು. ಭಕ್ತರು ಆ ಚರ್ಮದ ಪಾದರಕ್ಷೆಗೆ ತಲೆಯೊಡ್ಡಿ ಆಶೀರ್ವಾದ ಪಡೆಯುತ್ತಾರೆ. ಮಲೆ ಮಹದೇಶ್ವರನ ಕಥೆಯನ್ನು ಕಂಸಾಳೆಯವರು ಹಾಡುವಾಗಲೂ ಹೀಗೆಯೇ. ಸೋಲಿಗರ ಸಂಕಮ್ಮನ ಪ್ರಸಂಗ ಬಾರದೆ ಆ ಕಾವ್ಯ ತುಂಬುವುದಿಲ್ಲ. ಒಂದು ದೇವರು, ಹಲವು ಜನ. ಪ್ರತಿಯೊಬ್ಬರಿಗೂ ಅವನಲ್ಲಿ ಒಂದೊಂದು ಸಂಬಂಧ, ಒಂದೊಂದು ಹಕ್ಕು. ಆ ಹಕ್ಕು ಯಾವಾಗಲೂ ಸಮಾನವಾಗಿತ್ತೆಂದು ನಾನು ಹೇಳುತ್ತಿಲ್ಲ. ಪಾದರಕ್ಷೆ ಮಾಡಿದ ಕೈಗೆ ಗರ್ಭಗುಡಿ ದೂರವೇ ಇತ್ತು. ಆದರೂ ಆ ಕೈಯಿಲ್ಲದೆ ಸೇವೆ ನಡೆಯದು ಎಂಬುದನ್ನು ಹಬ್ಬ ಮರೆಯಗೊಡಲಿಲ್ಲ.

ಪುಣಜನೂರನ್ನು ದಾಟಿದರೆ ರಾಜ್ಯ ಬದಲಾಗುತ್ತದೆ. ಹಾಸನೂರು, ದಿಂಬಂ, ಅಲ್ಲಿಂದ 27 ತಿರುವುಗಳ ಘಟ್ಟ ಇಳಿದರೆ ಬಣ್ಣಾರಿ. ಅಲ್ಲಿ ಪಂಗುನಿ ತಿಂಗಳಲ್ಲಿ, ಎಂದರೆ ನಮ್ಮ ಮಾರ್ಚಿ ಏಪ್ರಿಲಿನ ಸುಮಾರಿಗೆ, ಅಮ್ಮನ ಕುಂಡಂ. ನಮ್ಮ ಕಡೆ ಕೊಂಡ ಹಾಯುವುದೆನ್ನುತ್ತೇವಲ್ಲ, ಅದೇ. ತಮಿಳರ ಜೊತೆಗೆ ಚಾಮರಾಜನಗರದ ಸೀಮೆಯ ಕನ್ನಡಿಗರೂ ಕೆಂಡದ ಮೇಲೆ ನಡೆಯುತ್ತಾರೆ. ಬೂದಿಯ ಬದಲು ಅಲ್ಲಿ ಹುತ್ತದ ಮಣ್ಣೇ ಪ್ರಸಾದ. ಕೇರಳದ ಕಡೆಯಿಂದ ಎತ್ತುಗಳ ಮೇಲೆ ಸರಕು ಹೇರಿಕೊಂಡು ಮೈಸೂರಿಗೆ ಹೊರಟ ವ್ಯಾಪಾರಿಗಳಿಗೆ ದಾರಿಗಾವಲಾಗಿ ಬಂದ ದೇವಿ ಈ ಜಾಗ ಮೆಚ್ಚಿ ನಿಂತಳೆಂಬುದು ಐತಿಹ್ಯ. ಹಾಗಾದರೆ ಅಮ್ಮನೇ ಪ್ರಯಾಣಿಕಳು!

ತಾಳವಾಡಿಯ ಕಡೆ ತಿರುಗಿದರೆ ಇನ್ನೊಂದು ಬೆರಗು. 1956ರಲ್ಲಿ ಭಾಷೆಯ ಮೇಲೆ ರಾಜ್ಯಗಳನ್ನು ವಿಂಗಡಿಸಿದಾಗ ಕೊಯಮತ್ತೂರು ಜಿಲ್ಲೆಯ ಕೊಳ್ಳೇಗಾಲ ಮೈಸೂರಿಗೆ ಬಂತು, ಕನ್ನಡ ಮಾತಾಡುವ ತಾಳವಾಡಿ ಮದರಾಸಿನಲ್ಲೇ ಉಳಿಯಿತು. ಅಲ್ಲಿಯ ಗುಮಟಾಪುರದಲ್ಲಿ ದೀಪಾವಳಿಯ ಬೆನ್ನಿಗೆ ಗೊರೆಹಬ್ಬ. ಊರಿನ ಸಗಣಿಯನ್ನೆಲ್ಲ ಬೀರೇಶ್ವರನ ಗುಡಿಯ ಬಳಿ ರಾಶಿ ಹಾಕುತ್ತಾರೆ. ಹುಲ್ಲಿನ ಗಡ್ಡ ಮೀಸೆ ಕಟ್ಟಿಕೊಂಡ ಚಾಡಿಕೋರನನ್ನು ಕತ್ತೆಯ ಮೇಲೆ ಮೆರೆಸುತ್ತಾರೆ. ಆಮೇಲೆ ಹಿರಿಯ ಕಿರಿಯರೆನ್ನದೆ ಸಗಣಿಯ ಉಂಡೆಗಳಲ್ಲಿ ಹೊಡೆದಾಡುತ್ತಾರೆ. ವರ್ಷದ ಚಾಡಿ ಮುನಿಸುಗಳು ಆ ದಿನ ಕೆರೆಯ ನೀರಿನಲ್ಲಿ ತೊಳೆದುಹೋಗುತ್ತವೆ. ನಮ್ಮ ಪಟ್ಟಣದ ಬೀದಿಗಳಿಗೂ ಇಂಥ ಏರ್ಪಾಡೊಂದು ಬೇಕೆಂದು ನಿಮಗೆ ಅನಿಸಿದರೆ ಆಶ್ಚರ್ಯವಿಲ್ಲ.

ಹಾಸನೂರಿನಿಂದ ಕೊಳ್ಳೇಗಾಲದ ಕಡೆಗೆ ಹೋಗುವ ಕಾಡುದಾರಿಯಲ್ಲಿ ಒಡೆಯರಪಾಳ್ಯವಿದೆ. ದಲಾಯಿ ಲಾಮಾ ಅವರು 1959ರಲ್ಲಿ ಭಾರತಕ್ಕೆ ಬಂದ ಮೇಲೆ ಅವರ ಹಿಂದೆ ಬಂದ ಟಿಬೆಟನ್ನರಿಗೆ 1970ರ ದಶಕದಲ್ಲಿ ಇಲ್ಲಿಯೂ ನೆಲೆ ದೊರೆಯಿತು. ಅವರು ಮುಸುಕಿನ ಜೋಳ ಬೆಳೆಯುತ್ತಾರೆ, ಚಳಿಯ ಕೊನೆಗೆ ಲೋಸರ್ ಎಂಬ ಹೊಸ ವರ್ಷವನ್ನು ಮಾಡುತ್ತಾರೆ. ಸೋಲಿಗರು ಕಾಡು ಬಿಟ್ಟು ಹೊರಬಂದ ದಶಕದಲ್ಲೇ ಇವರು ಹಿಮದ ನಾಡು ಬಿಟ್ಟು ಈ ಬೆಟ್ಟಗಳಿಗೆ ಬಂದರು. ಊರು ತಪ್ಪಿದವರಿಗೆ ಹಬ್ಬವೇ ಊರು.

ಇಷ್ಟೆಲ್ಲ ಒಂದು ದಾರಿಯ ಆಸುಪಾಸಿನಲ್ಲಿ. ಆದರೆ ಇವನ್ನು ನೋಡುವ ನಮ್ಮ ಬಗೆಯಲ್ಲಿ ಒಂದು ಅಪಾಯವಿದೆ. ರೊಟ್ಟಿ ಹಬ್ಬ ನಡೆಯುವುದು ರಾತ್ರಿ. ರಾತ್ರಿ ಆ ಕಾಡು ಆನೆಯ ಪಾಲು. ದಿಂಬಂ ಘಟ್ಟದಲ್ಲಿ 2022ರ ಫೆಬ್ರವರಿಯಿಂದ ರಾತ್ರಿ ಸಂಚಾರಕ್ಕೆ ನ್ಯಾಯಾಲಯದ ನಿರ್ಬಂಧವೂ ಇದೆ. ಹಾಗೆಂದು ಪ್ರಯಾಣಿಕನು, "ನಮಗೆ ಹೊತ್ತಾಗುತ್ತದೆ, ಹಗಲಿನಲ್ಲೇ ಒಂದಿಷ್ಟು ಕುಣಿದು ತೋರಿಸಿ" ಎನ್ನುತ್ತಾನೆ. ಕೈಗೆ ನೋಟು ಬಂದರೆ ಬಡವರು ಕುಣಿದಾರು. ಅಂಥ ಕುಣಿತ ನಾಲ್ಕು ವರ್ಷ ನಡೆದರೆ, ಐದನೆಯ ವರ್ಷ ಬೆಂಕಿಯ ಸುತ್ತಣ ಹೆಜ್ಜೆಯೂ ನಮ್ಮ ಕ್ಯಾಮರಾದ ಕಡೆಗೆ ತಿರುಗುತ್ತದೆ. ಹಬ್ಬ ಸಾಯುವುದು ಹೀಗೆ, ಮೆಚ್ಚಿ ಬಂದವರ ಕೈಯಲ್ಲಿ.

ಆದ್ದರಿಂದ ಹೋಗುವವರು ನೆಂಟರ ಮನೆಗೆ ಹೋಗುವ ರೀತಿಯಲ್ಲಿ ಹೋಗಿ. ನೆಂಟನು ಕರೆಯ ಬಂದ ಮೇಲೆ ಹೊರಡುತ್ತಾನೆ. ಯಜಮಾನನನ್ನು ಮೊದಲು ಕಂಡು ಮಾತಾಡುತ್ತಾನೆ. ಕೊಟ್ಟ ರೊಟ್ಟಿಯನ್ನು ತಿನ್ನುತ್ತಾನೆ. ಒಳಮನೆಯ ಬಾಗಿಲಲ್ಲಿ ನಿಲ್ಲುತ್ತಾನೆ. ಇಷ್ಟು ಸಮಯಕ್ಕೆ ಇಷ್ಟು ಹಬ್ಬವೆಂದು ಪಟ್ಟಿ ಹಿಡಿದು ಓಡುವುದಿಲ್ಲ. ಅನುಕೂಲವಾಗದಿದ್ದರೆ ಈ ವರ್ಷ ಬಿಟ್ಟು ಮುಂದಿನ ವರ್ಷ ಬರುತ್ತಾನೆ. ನಮ್ಮ ಮನೆಯ ಹಬ್ಬಕ್ಕೂ ಅವರನ್ನು ಕರೆಯಬೇಕೆಂಬ ಋಣವನ್ನು ಹೊತ್ತು ಹಿಂತಿರುಗುತ್ತಾನೆ.

ಬಹು ಜನ, ಬಹು ನುಡಿ, ಬಹು ದೇವರುಗಳ ನಾಡೆಂದು ನಮ್ಮ ದೇಶವನ್ನು ಹೊಗಳುವುದು ಸುಲಭ. ಆ ಮಾತು ನಿಜವಾಗುವುದು, ಪುಣಜನೂರಿನಂಥ ಊರಿನಲ್ಲಿ ಯಾರೋ ಒಬ್ಬರು "ಯಾರ ಪೈಕಿ?" ಎಂದು ಕೇಳಿದಾಗ, ಪಕ್ಕದಲ್ಲಿ ಕುಳಿತ ಇನ್ನೊಬ್ಬರು ನಿಮ್ಮ ಪರವಾಗಿ, "ಗೊತ್ತಿರೋರೇ, ನಮ್ಮ ಕಡೆಯವರೇ" ಎಂದು ಉತ್ತರ ಕೊಟ್ಟಾಗ.