ಕಳ್ಳತನ ರಕ್ತದಲ್ಲಿದೆಯೇ?

(ಹೊಸಪೇಟೆಯಲ್ಲಿ ಹಾಸ್ಟೆಲ್ ವಿದ್ಯಾರ್ಥಿಗಳ ಮುಂದೆ ಆಡಿದ ಮಾತುಗಳ ಬರಹರೂಪ)



ನಿಮ್ಮಲ್ಲಿ ಬಿ.ಎ. ಮನಃಶಾಸ್ತ್ರ ಓದೋರು ಇದ್ದೀರಿ. 'ಅಪರಾಧಕ್ಕೆ ಅನುವಂಶೀಯತೆ ಕಾರಣವೋ, ಪರಿಸರ ಕಾರಣವೋ? ಚರ್ಚಿಸಿ' ಅಂತ ಪ್ರಶ್ನೆ ಬರುತ್ತೆ. ನಿಮಗದು ಹತ್ತು ಅಂಕ. ಆದರೆ ನಿಮ್ಮ ಪಕ್ಕ ಕೂತಿರೋ ಕೊರಚರ ಹುಡುಗನ ಮುತ್ತಾತನಿಗೆ ಅದು ಊರು ದಾಟೋಕೆ ಪೊಲೀಸರ ಚೀಟಿ ಬೇಕೋ ಬೇಡವೋ ಅನ್ನೋ ಪ್ರಶ್ನೆಯಾಗಿತ್ತು.

ಮೊದಲು ನನ್ನದೇ ಒಂದು ತಪ್ಪು ಹೇಳ್ತೀನಿ. ನಾನು ಹಾಸ್ಟೆಲ್‌ನಲ್ಲಿದ್ದಾಗ ಒಬ್ಬನ ವಾಚು ಕಾಣೆಯಾಯಿತು. "ಮೊದ್ಲು ಅವನ ಟ್ರಂಕು ತೆಗಿಸ್ರಿ" ಅಂದ್ರು ಯಾರೋ. 'ಅವನು' ಅಂದ್ರೆ ಕೊರಚರ ಹುಡುಗ. ತೆಗೆಸಿದ್ವಿ. ಒಳಗಿದ್ದದ್ದು ಎರಡು ಅಂಗಿ, ಅವನ ಅವ್ವ ಹೆಣೆದ ಪುಟ್ಟ ಬುಟ್ಟಿ, ಅದರಲ್ಲಿ ಹುರಿಗಡಲೆ. ವಾಚು ಬಚ್ಚಲ ಕಿಟಕಿ ಮೇಲೆ ಸಿಕ್ತು. ಮುಂದಿನ ವಾರ ಆ ಹುಡುಗ ಹಾಸ್ಟೆಲ್ ಬಿಟ್ಟು ಹೋದ. ಟ್ರಂಕು ತೆಗೆಸಿದವರು ಮೇಲ್ಜಾತಿಯವರಲ್ಲ, ಊರ ಹೊರಗಿನ ಕೇರಿಯಿಂದ ಬಂದ ನಾವೇ.

ಈ ಬುದ್ಧಿ ನಮಗೆ ಎಲ್ಲಿಂದ ಬಂತು?

ಇಟಲಿಯಲ್ಲಿ ಲಾಂಬ್ರೊಸೊ ಅನ್ನೋ ವೈದ್ಯ ಇದ್ದ. ಒಬ್ಬ ಬಡ ಕೈದಿಯ ತಲೆಬುರುಡೆ ನೋಡಿ, ಅಪರಾಧಿ ಹುಟ್ಟಿನಿಂದಲೇ ಅಪರಾಧಿ, ದವಡೆ ಕಿವಿ ಹಣೆ ನೋಡಿ ಗುರುತು ಹಿಡೀಬಹುದು ಅಂದ. ಅವನ ಪುಸ್ತಕ ಬಂದದ್ದು 1876ರಲ್ಲಿ. ನಮ್ಮ ದೇಶದಲ್ಲಿ ಕ್ರಿಮಿನಲ್ ಟ್ರೈಬ್ಸ್ ಕಾಯ್ದೆ ಬಂದದ್ದು 1871ರಲ್ಲಿ, ಐದು ವರ್ಷ ಮೊದಲೇ! ಬಿಳಿಯರಿಗೆ ಇಲ್ಲಿ ಲಾಂಬ್ರೊಸೊ ಬೇಕಾಗಿರಲಿಲ್ಲ. ಜಾತಿ ಇತ್ತು. ಬಡಗಿಯ ಮಗ ಬಡಗಿ, ನೇಕಾರನ ಮಗ ನೇಕಾರ, ಹಾಗೇ ಕಳ್ಳನ ಮಗ ಕಳ್ಳ ಅಂತ ಅಧಿಕಾರಿಗಳು ವಾದಿಸಿದ್ರು. ಇದು ಮನುವಿನ ಲೆಕ್ಕವೇ, ಇಂಗ್ಲಿಷಿನಲ್ಲಿ ಬರೆದದ್ದು ಅಷ್ಟೇ.

ಆಗ ಹೊಸಪೇಟೆ, ಕಂಪ್ಲಿ ಮದ್ರಾಸ್ ಪ್ರಾಂತ್ಯದಲ್ಲಿದ್ದವು. ಸಂಡೂರು ಬೇರೆ ಸಂಸ್ಥಾನ. 1911ರಲ್ಲಿ ಕಾಯ್ದೆ ಮದ್ರಾಸ್ ಪ್ರಾಂತ್ಯಕ್ಕೂ ಬಂತು. ನಮ್ಮ ಕೊರಚರು, ತಮಿಳರ ಕೊರವರು, ತೆಲುಗರ ಎರುಕಲರು ಒಂದೇ ಬಳಗ. ಈ ಬಳಗ ಪಟ್ಟಿಗೆ ಸೇರಿತು. ಬೆರಳಚ್ಚು, ಹಾಜರಿ, ಊರು ಬಿಟ್ಟರೆ ಚೀಟಿ. ತಂದೆತಾಯಿಯಿಂದ ಮಕ್ಕಳನ್ನು ಬೇರೆ ಮಾಡೋಕೂ ಸರ್ಕಾರಕ್ಕೆ ಅಧಿಕಾರ. ಮುಂಬೈ ಪ್ರಾಂತ್ಯದಲ್ಲಿದ್ದ ಹುಬ್ಬಳ್ಳಿಯಲ್ಲಿ ಇಂಥವರನ್ನ ಇಟ್ಟ ಜಾಗಕ್ಕೆ ಇವತ್ತಿಗೂ 'ಸೆಟ್ಲ್‌ಮೆಂಟ್' ಅಂತಲೇ ಹೆಸರು. ಒಂದು ಮಾತು ಕೇಳ್ತೀನಿ: ಕಳ್ಳತನ ರಕ್ತದಲ್ಲೇ ಇದ್ದಿದ್ರೆ, ಮಗುವನ್ನ ತಾಯಿಯಿಂದ ಕಿತ್ತುಕೊಂಡರೆ ಅದು ಹೋಗುತ್ತಿತ್ತಾ?

ಪಟ್ಟಿಗೆ ಸೇರೋಕೆ ಮುಂಚೆ ಇವರು ಏನು ಮಾಡ್ತಿದ್ರು? ಎತ್ತು, ಕತ್ತೆ ಮೇಲೆ ಉಪ್ಪು, ಕಾಳು ಹೇರಿಕೊಂಡು ಊರೂರು ಮಾರ್ತಿದ್ರು. ಬುಟ್ಟಿ, ಕಸಬರಿಗೆ ಕಟ್ಟುತಿದ್ರು. ಸರ್ಕಾರ ಉಪ್ಪನ್ನ ತನ್ನ ಕೈಗೆ ತಗೊಂತು, ರೈಲು ಬಂತು, ವ್ಯಾಪಾರ ಸತ್ತಿತು. 1876-78ರ ಬರ ಬಳ್ಳಾರಿ ಸೀಮೆಯನ್ನ ಸುಟ್ಟಿತು. 1882ರಲ್ಲಿ ಮದ್ರಾಸ್ ಅರಣ್ಯ ಕಾಯ್ದೆ ಬಂತು. ನಿನ್ನೆ ತಂದದ್ದು ಸೌದೆ, ಇವತ್ತು ತಂದದ್ದು ಕಳವು! ಒಂದೇ ರಾತ್ರಿಗೆ ರಕ್ತ ಬದಲಾಯಿತಾ?

ವಿಜ್ಞಾನ ಏನು ಹೇಳುತ್ತೆ, ಅದನ್ನೂ ಪ್ರಾಮಾಣಿಕವಾಗಿ ನೋಡೋಣ. ಇಂಗ್ಲೆಂಡಿನ ಗೋರಿಂಗ್ ಸುಮಾರು 3,000 ಕೈದಿಗಳನ್ನ ಅಳೆದು 1913ರಲ್ಲಿ ಬರೆದ: ಅಪರಾಧಿಗೆ ಅಂತ ಬೇರೆ ಮುಖಚಹರೆ ಇಲ್ಲ. 1984ರಲ್ಲಿ ಡೆನ್ಮಾರ್ಕಿನಲ್ಲಿ 14,000ಕ್ಕೂ ಹೆಚ್ಚು ದತ್ತುಮಕ್ಕಳ ದಾಖಲೆ ನೋಡಿದ್ರು. ಆಸ್ತಿ ಅಪರಾಧದಲ್ಲಿ ಹೆತ್ತವರಿಗೂ ಮಕ್ಕಳಿಗೂ ಸ್ವಲ್ಪ ಸಂಬಂಧ ಕಂಡಿತು, ಹಿಂಸೆಯಲ್ಲಿ ಕಾಣಲಿಲ್ಲ. 2002ರಲ್ಲಿ ನ್ಯೂಜಿಲೆಂಡಿನ ಒಂದು ಅಧ್ಯಯನ, ಒಂದು ಬಗೆಯ ಜೀನ್ ಇದ್ದು ಬಾಲ್ಯದಲ್ಲಿ ಹೊಡೆತ ಬಡಿತ ಉಂಡವರಲ್ಲಿ ಹಿಂಸೆ ಹೆಚ್ಚು ಅಂದಿತು. ಅಂದ್ರೆ ಹುಟ್ಟಿಗೆ ಏನೂ ಪಾತ್ರ ಇಲ್ಲ ಅಂತ ನಾವು ಹೇಳಬೇಕಾಗಿಲ್ಲ. ಒಬ್ಬೊಬ್ಬ ಮನುಷ್ಯನ ಸಿಟ್ಟು, ದುಡುಕಿನಲ್ಲಿ ವ್ಯತ್ಯಾಸ ಇರುತ್ತೆ, ಅದು ಎಲ್ಲ ಜಾತಿಯಲ್ಲೂ ಇರುತ್ತೆ. ಆದರೆ ಒಂದು ಇಡೀ ಜಾತಿಯನ್ನ ಕಳ್ಳರು ಅನ್ನೋಕೆ ಯಾವ ವಿಜ್ಞಾನವೂ ಇಲ್ಲ.

'ಬಡತನವೇ ಕಾರಣ' ಅನ್ನೋ ಉತ್ತರವೂ ಸಾಲದು. ನಮ್ಮ ಕೇರಿಗಳಲ್ಲಿ ಬಡವರೇ ಎಲ್ಲ, ಕಳ್ಳರು ಎಷ್ಟು ಮಂದಿ? ಸಂಡೂರಿನ ಗುಡ್ಡ ನೋಡಿ. 2011ರ ಜುಲೈನಲ್ಲಿ ಲೋಕಾಯುಕ್ತ ಸಂತೋಷ್ ಹೆಗ್ಡೆ ಅವರ ವರದಿ ಅಕ್ರಮ ಅದಿರಿನಿಂದ ಆದ ನಷ್ಟ 16,085 ಕೋಟಿ ರೂಪಾಯಿ ಅಂದಿತು. ಅದನ್ನ ಹಸಿದವರು ಮಾಡಿದ್ರಾ? ಅದಿರು ಸಾಗಿಸಿದ ದೊಡ್ಡವರ ದವಡೆ, ಹಣೆಯನ್ನ ಯಾರೂ ಅಳೀಲಿಲ್ಲ. ಅವರ ಜಾತಿಯನ್ನ ಯಾರೂ ಪಟ್ಟಿಗೆ ಸೇರಿಸಲಿಲ್ಲ. ಅಮೆರಿಕದ ಸದರ್ಲೆಂಡ್ 1939ರಲ್ಲೇ ಹೇಳಿದ್ದ: ಬಿಳಿ ಕಾಲರಿನವರ ಅಪರಾಧ ಬಿಟ್ಟು ಬರೀ ಬಡವರನ್ನ ಎಣಿಸಿದರೆ ಸಿದ್ಧಾಂತವೇ ತಪ್ಪಾಗುತ್ತೆ ಅಂತ. 1963ರಲ್ಲಿ ಬೆಕರ್ ಇನ್ನೊಂದು ತೋರಿಸಿದ: ಅಪರಾಧಿ ಅನ್ನೋದು ಸಮಾಜ ಅಂಟಿಸೋ ಚೀಟಿಯೂ ಹೌದು. ಚೀಟಿ ಅಂಟಿದವನಿಗೆ ಯಾರು ಕೆಲಸ ಕೊಡ್ತಾರೆ?

ಕಾಯ್ದೆ 1952ರ ಆಗಸ್ಟ್ 31ರಂದು ದೇಶದಾದ್ಯಂತ ರದ್ದಾಯಿತು. ಚೀಟಿ ಹೋಗಲಿಲ್ಲ. 'ರೂಢಿಗತ ಅಪರಾಧಿ' ಕಾಯ್ದೆಗಳು ಬಂದವು. ಜೈಲು ಕೈಪಿಡಿಗಳಲ್ಲಿ ಜಾತಿ ನೋಡಿ ಕೆಲಸ ಹಂಚೋದು ಉಳಿಯಿತು. ಅದು ಸಂವಿಧಾನಕ್ಕೆ ವಿರುದ್ಧ ಅಂತ ಸುಪ್ರೀಂ ಕೋರ್ಟ್ ಹೇಳಿದ್ದು 2024ರ ಅಕ್ಟೋಬರ್ 3ರಂದು! ಬಾಬಾಸಾಹೇಬರು 1948ರಲ್ಲೇ ಅಸ್ಪೃಶ್ಯರನ್ನ, ಆದಿವಾಸಿಗಳನ್ನ, ಈ 'ಅಪರಾಧಿ' ಬುಡಕಟ್ಟುಗಳನ್ನ ಒಟ್ಟಿಗೆ ಹೆಸರಿಸಿ, ಇಂಥವರನ್ನ ಸೃಷ್ಟಿಸಿದ್ದು ಎಂಥಾ ನಾಗರಿಕತೆ ಅಂತ ಕೇಳಿದ್ರು. ಅವರು ಒಟ್ಟಿಗೆ ಹೆಸರಿಸಿದವರನ್ನ ನಾವು ಹಾಸ್ಟೆಲ್‌ನಲ್ಲಿ ಬೇರೆ ಮಾಡಬಾರದು.

ಆದ್ದರಿಂದ ಎರಡು ಕೆಲಸ. ಹಂಪಿಯಲ್ಲೋ ಕಂಪ್ಲಿಯಲ್ಲೋ ಕಳವಾಗಿ, ಪೊಲೀಸರು ಜಾತಿ ನೋಡಿ ಯಾರನ್ನಾದ್ರೂ ಕರಕೊಂಡು ಹೋದ್ರೆ, ನೀವು ನಾಲ್ಕು ಜನ ಠಾಣೆಗೆ ಹೋಗಿ ಕಾರಣ ಕೇಳಿ. ಬಂಧಿಸಿದ ಕಾರಣ ಹೇಳಬೇಕು, ಪ್ರಯಾಣದ ಹೊತ್ತು ಬಿಟ್ಟು 24 ಗಂಟೆಯೊಳಗೆ ಮ್ಯಾಜಿಸ್ಟ್ರೇಟರ ಮುಂದೆ ನಿಲ್ಲಿಸಬೇಕು, ಇದು ಸಂವಿಧಾನದ 22ನೇ ವಿಧಿ. ಬಾಯಿಪಾಠ ಮಾಡಿಕೊಳ್ಳಿ.

ಇನ್ನೊಂದು, ಈ ಹಾಸ್ಟೆಲ್‌ನಲ್ಲಿ ಮತ್ತೆ ಏನಾದ್ರೂ ಕಾಣೆಯಾದ್ರೆ, ತೆಗೆಸೋದಾದ್ರೆ ಎಲ್ಲರ ಟ್ರಂಕು ತೆಗೆಸಿ, ಮೊದಲು ನಿಮ್ಮದು. ಇಲ್ಲವಾದ್ರೆ ಯಾರದ್ದೂ ಬೇಡ. ಹುರಿಗಡಲೆ ತಂದಿದ್ದ ಆ ಹುಡುಗನ ಹತ್ತಿರ ನಾನು ಕ್ಷಮೆ ಕೇಳಲಿಲ್ಲ. ಎಲ್ಲಿದ್ದಾನೋ ಗೊತ್ತಿಲ್ಲ. ಅದಕ್ಕೇ ನಿಮ್ಮ ಮುಂದೆ ಹೇಳಿದೆ.

ಜೈ ಭೀಮ್.